ಹಗ್ಗದ ಆ ತುದಿಯಲ್ಲಿ

ಇಂಥ ಕಥೆಗಳನ್ನು ಯಾರಾದರೂ ಹೇಳಿದಾಗ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇದು ಆಗ ಕಂಡದ್ದೋ, ಆಮೇಲೆ ನೆನಪಾದದ್ದೋ?" ಎರಡೂ ಒಂದೇ ಅಲ್ಲ. ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರ ಓದಿ ಶಿವಮೊಗ್ಗದಲ್ಲಿ ಅದನ್ನೇ ಪಾಠ ಮಾಡಿಕೊಂಡಿದ್ದ ನನಗೆ ದಿನಚರಿ ಬರೆಯುವ ಅಭ್ಯಾಸವೂ ಇತ್ತು. ನೆನಪು ತನಗೆ ಬೇಕಾದಂತೆ ಸಂಗತಿಗಳನ್ನು ತಿದ್ದಿಕೊಳ್ಳುತ್ತದೆ ಎಂಬುದನ್ನು ಅದರಿಂದಲೇ ಕಲಿತಿದ್ದೆ. ಓದುಗರು ಈಗ ನನ್ನನ್ನೂ ಅದೇ ಪ್ರಶ್ನೆ ಕೇಳಿದರೆ ಬೇಸರವಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಸಂಪತ್ ನನ್ನ ಗೆಳೆಯ. ಯಂತ್ರ ಕೂಡಿಸಲು ಬಂದಿದ್ದ ವಿದೇಶಿ ಎಂಜಿನಿಯರೊಬ್ಬ ಊರಿಗೆ ಹೊರಡುವಾಗ ತನ್ನ ಮುಳುಗುವ ಸಾಮಾನನ್ನೆಲ್ಲ ಅವನಿಗೆ ಕೊಟ್ಟುಹೋಗಿದ್ದ. ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರ್, ಬಾಯಲ್ಲಿ ಕಚ್ಚಿಕೊಳ್ಳುವ ರಬ್ಬರ್ ಕೊಳವೆ, ಮುಖಕ್ಕೆ ಗಾಜು, ನೀರೊಳಗೆ ಇಳಿಸಲು ಸೊಂಟಕ್ಕೆ ಸೀಸದ ಪಟ್ಟಿ, ಗಾಳಿ ತುಂಬುವ ಪಂಪು. ನಮ್ಮ ಕಡೆ ಅಂಥದನ್ನು ಯಾರೂ ಕಂಡಿರಲಿಲ್ಲ. ಸಂಪತ್ ಆತನಿಂದ ಮುಳುಗುವುದನ್ನು ಕಲಿತಿದ್ದ, ನನಗೂ ಕಲಿಸಿದ. ಬೇಸಿಗೆಯಲ್ಲಿ ಭದ್ರೆ ತಿಳಿಯಾದಾಗ ಊರಿಂದ ಮೇಲಿರುವ ಒಂದು ಮಡುವಿಗೆ ಭಾನುವಾರಗಳಲ್ಲಿ ಹೋಗುತ್ತಿದ್ದೆವು.

ಹಗ್ಗದ ಕ್ರಮ ಮಾತ್ರ ನಾನು ತಂದದ್ದು. ನಮ್ಮಲ್ಲಿ ಬಾವಿಯ ಹೂಳು ತೆಗೆಯುವವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದರು. ಮೇಲಿನವನು ಒಮ್ಮೆ ಜಗ್ಗಿದರೆ "ಹೇಗಿದ್ದೀಯ" ಎಂದು. ಕೆಳಗಿನವನು ಒಮ್ಮೆ ಜಗ್ಗಿದರೆ "ಚೆನ್ನಾಗಿದ್ದೇನೆ" ಎಂದು. ಮೂರು ಸಲ ಜಗ್ಗಿದರೆ "ಎಳೆದುಕೋ" ಎಂದು. ಹಗ್ಗ ಹಿಡಿದವನು ಯಾರ ಜೊತೆಗೂ ಮಾತಾಡುವಂತಿಲ್ಲ, ಬೀಡಿ ಹಚ್ಚುವಂತಿಲ್ಲ.

ಆ ದಿನ ಮೀನುಗಳಿಗೆಂದು ಶಿವಮೊಗ್ಗದ ಗಾಂಧಿ ಬಜಾರಿನಿಂದ ಮಂಡಕ್ಕಿ ಕಟ್ಟಿಸಿಕೊಂಡು ಹೋಗಿದ್ದೆ. ಅರ್ಧವನ್ನು ದಾರಿಯಲ್ಲೇ ಸಂಪತ್ ತಿಂದು ಮುಗಿಸಿದ. ಹೊಸದಾಗಿ ಮದುವೆಯಾಗಿದ್ದವನು, ಮನೆಯಲ್ಲಿ ಓವರ್‌ಟೈಮ್ ಎಂದು ಹೇಳಿ ಬಂದಿದ್ದ. ಅಲ್ಲಿ ಹರಿಗೋಲು ಹಾಕುತ್ತಿದ್ದ ಸಿದ್ದಣ್ಣ ನಮ್ಮನ್ನು ಕಂಡು ನಕ್ಕ.

"ಏನ್ ಸ್ವಾಮಿ, ಅಡಿಕೆ ತೋಟಕ್ಕೆ ಔಷಧಿ ಹೊಡೆಯೋ ಪಂಪು ಕಟ್ಕೊಂಡು ನೀರಿಗಿಳೀತೀರಲ್ಲ, ಮೀನಿಗೂ ಕೊಳೆರೋಗ ಬಂತಾ?"

"ಬಾ ಸಿದ್ದಣ್ಣ, ನಿಂಗೂ ಒಂದ್ಸಲ ಹೊಡೀತೀನಿ," ಎಂದ ಸಂಪತ್.

"ನಾನಿನ್ನೂ ಕೊಳೆತಿಲ್ಲ ಮಾರಾಯ!"

ಮೊದಲು ನಾನು ಇಳಿದೆ. ಫಾರ್ಮಲಿನ್ ಸೀಸೆಗಳಲ್ಲಿ ಬಿಳಿಚಿಕೊಂಡದ್ದನ್ನೇ ತೋರಿಸಿ ನಾನು ಪಾಠ ಮಾಡುತ್ತಿದ್ದ ಮೀನುಗಳು ಅಲ್ಲಿ ತಾಮ್ರದ ಬಣ್ಣದಲ್ಲಿ, ಹರಿವಿಗೆ ಮುಖ ಮಾಡಿ, ನಿಂತಲ್ಲೇ ಈಜುತ್ತಿದ್ದವು. ಒಂದು ಆಮೆ ನನ್ನನ್ನು ನೋಡಿ ಕೆಸರೆಬ್ಬಿಸಿಕೊಂಡು ಹೋಯಿತು. ತಳದಲ್ಲಿ ಯಾವುದೋ ಹಳೆಯ ಪ್ರವಾಹ ಕೆಡವಿದ ಮರದ ಬೊಡ್ಡೆ. ಅದರ ನೆರಳಿನಲ್ಲಿ ಮಗುವಿನಷ್ಟು ಉದ್ದದ ಒಂದು ಮೀನು, ಒಂದೊಂದು ಹುರುಪೆಯೂ ರೂಪಾಯಿ ನಾಣ್ಯಕ್ಕಿಂತ ದೊಡ್ಡದು. ಆಗ ಮೇಲಿನಿಂದ ಸಂಪತ್ ಒಮ್ಮೆ ಜಗ್ಗಿದ, ನಾನೂ ಜಗ್ಗಿದೆ. ನೀರೊಳಗೆ ಆ ಒಂದು ಜಗ್ಗು, ಯಾರೋ ಹೆಗಲ ಮೇಲೆ ಕೈಯಿಟ್ಟ ಹಾಗೆ ಇರುತ್ತದೆ.

ಮೇಲೆ ಬಂದು ಆ ಮೀನಿನ ವಿಷಯ ಹೇಳಿದೆ. ಸಂಪತ್ ಆಗಲೇ ಸಿಲಿಂಡರ್ ಕಟ್ಟಿಕೊಳ್ಳುತ್ತಿದ್ದ.

"ಗಾಳಿ ಅರ್ಧ ಮುಗಿದಿದೆ. ಬೇಗ ಬಾ. ಮೀನು ಮುಟ್ಟೋಕೆ ಹೋಗ್ಬೇಡ ಮಾರಾಯ."

"ಮುಟ್ಟಲ್ಲ ಮೇಷ್ಟ್ರೇ, ಮಾತಾಡಿಸ್ಕೊಂಡು ಬರ್ತೀನಿ."

ಅವನು ಇಳಿದ ಮೇಲೆ, ಬೀಸುಗಾಳಿಗೆ ನೀರು ಅಲುಗುತ್ತಿದ್ದುದರಿಂದ ಅವನ ಉಸಿರಿನ ಗುಳ್ಳೆಗಳು ಕಾಣುತ್ತಿರಲಿಲ್ಲ. ಕೆಳಗಿನ ಸುದ್ದಿಗೆ ಹಗ್ಗವೊಂದೇ ದಾರಿ. ನಾನು ಜಗ್ಗಿದೆ, ಉತ್ತರ ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಜಗ್ಗಿದೆ, ಮತ್ತೆ ಬಂತು. ಹೀಗೆ ಹಲವು ಸಲ. ಆಮೇಲೆ ನಾನು ಕೇಳದೆಯೇ ಮೂರು ಸಲ, ಅಂಗೈ ಉರಿಯುವ ಹಾಗೆ. ಎಳೆದೆ, ಹಗ್ಗ ಬರಲಿಲ್ಲ. "ಸಿದ್ದಣ್ಣಾ!" ಎಂದು ಕಿರುಚಿಕೊಂಡೆ.

ಅವನು ಹರಿಗೋಲು ತಿರುಗಿಸಿಕೊಂಡು ಬರುವಾಗ ಮಡುವಿನ ಅಂಚಿನ ದೊಡ್ಡ ಬಂಡೆಯ ಆಚೆ ಬದಿಯಲ್ಲಿ ಸಂಪತ್‌ನನ್ನು ಕಂಡ. ನಾನಿದ್ದ ಕಡೆಗೆ ಅದು ಕಾಣುವ ಜಾಗವೇ ಅಲ್ಲ. ಗಾಳಿ ಮುಗಿದು, ಕಾಲಿಗೆ ಸೆಳೆತ ಬಂದು, ಸೀಸದ ಪಟ್ಟಿ ಬಿಚ್ಚಲಾಗದೆ, ಒಂದು ಬೇರು ಹಿಡಿದು ಮೂಗಿನವರೆಗೆ ನೀರಲ್ಲಿದ್ದನಂತೆ. ಕೂಗಲು ಬಾಯಿ ತೆರೆದರೆ ನೀರು ಒಳಗೆ ಹೋಗುತ್ತಿತ್ತು.

ದಡದಲ್ಲಿ ವಾಂತಿಯಾಗಿ ಸುಧಾರಿಸಿಕೊಂಡ ಮೇಲೆ ಅವನನ್ನು ಬೈದೆ. "ಮೂರು ಸಲ ಜಗ್ಗಿದೆಯಲ್ಲ, ಇಷ್ಟು ದೂರಕ್ಕೆ ಹೇಗೆ ಬಂದೆ?"

ಅವನು ನನ್ನನ್ನೇ ನೋಡಿದ. "ಹಗ್ಗ ಎಲ್ಲಿತ್ತು ಸಾರ್ ನನ್ನ ಹತ್ರ? ಇಳಿದ ತಕ್ಷಣ ಬಿಚ್ಚಿ ಆ ಬೊಡ್ಡೆಗೆ ಕಟ್ಟಿದ್ನಲ್ಲ. ಮೀನು ಬಂಡೆ ಕಡೆ ಹೋಯ್ತು, ಹಗ್ಗ ಸಾಲ್ತಿರ್ಲಿಲ್ಲ. ತಿರುಗಿ ಬರೋಕೆ ಗುರುತಾಗಲಿ ಅಂತ ಕಟ್ಟಿದ್ದು."

"ಮತ್ತೆ ನನಗೆ ಉತ್ತರ ಕೊಟ್ಟಿದ್ದು?"

"ನಾನು ಒಂದ್ಸಲಾನೂ ಕೊಟ್ಟಿಲ್ಲ."

ಮೂರು ಎಂಬುದು ಗೊತ್ತಿದ್ದ ಗುರುತಾದ್ದರಿಂದ ಆಮೇಲೆ ನಾನೇ ಮೂರು ಎಂದು ನೆನಪಿಟ್ಟುಕೊಂಡೆನೇ? ಹಾಗೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಸಿದ್ದಣ್ಣ ಬಿಡಲಿಲ್ಲ. "ಮೂರ್ ಸಲ, ಮೂರ್ ಸಲ ಅಂತ ಬಡ್ಕೊಂಡಿದ್ದು ನಂಗೆ ಆಚೆ ದಡಕ್ಕೆ ಕೇಳಿಸ್ತು ಸ್ವಾಮಿ. ಅದಕ್ಕೇ ನಾನು ಹರಿಗೋಲು ತಿರುಗಿಸಿದ್ದು." ಅವನ ಹೆಸರು ಕೂಗಿದ್ದು ನನಗೆ ಗೊತ್ತು, ಅದರ ಜೊತೆ ಇನ್ನೇನು ಕೂಗಿದೆ ಎಂಬುದು ಮಾತ್ರ ನನ್ನ ನೆನಪಿನಲ್ಲಿಲ್ಲ.

ಮುಂದಿನ ಭಾನುವಾರ ಪರೀಕ್ಷೆ ಮಾಡಲು ಹೋದೆವು. ಬೊಡ್ಡೆಗೆ ಕಟ್ಟಿದ ಹಗ್ಗ, ಈ ತುದಿಯನ್ನು ದಡದ ಕಲ್ಲಿಗೆ ಸುತ್ತಿ ನಾವು ಬಿಟ್ಟುಹೋದದ್ದು, ಹಾಗೇ ಇತ್ತು. ನಾನು ಜಗ್ಗಿದೆ. ಹರಿವಿಗೆ ಸಣ್ಣಗೆ ನಡುಗಿತೇ ಹೊರತು ಉತ್ತರವಿಲ್ಲ. ಸಂಪತ್ ಜಗ್ಗಿದ, ಏನೂ ಇಲ್ಲ.

"ನೋಡಿದ್ರಾ, ಮರ ಮಾತಾಡಲ್ಲ," ಎಂದ ಅವನು.

"ಇವತ್ತು ಕೆಳಗೆ ಯಾರೂ ಮುಳುಗ್ತಿಲ್ವಲ್ಲ," ಎಂದ ಸಿದ್ದಣ್ಣ. ಆ ದಿನ ಅವನು ನಗಲಿಲ್ಲ.

ಹಗ್ಗ ಬಿಚ್ಚಿ ತರಲು ಮತ್ತೆ ಇಳಿಯಬೇಕಿತ್ತು. "ಬಿಡಿ ಸಾರ್, ಅಲ್ಲೇ ಇರ್ಲಿ," ಎಂದು ಸಂಪತ್ ದಡ ಹತ್ತಿದ. ಈ ಕಡೆಯ ತುದಿ ನನ್ನ ಕೈಯಲ್ಲೇ ಇತ್ತು. ಅಭ್ಯಾಸಬಲದಿಂದ ಒಮ್ಮೆ ಜಗ್ಗಿ, ಉತ್ತರಕ್ಕೆ ಕಾಯದೆ ಕೈಬಿಟ್ಟೆ. ಹಗ್ಗ ನೀರೊಳಗೆ ಸರಿದುಹೋಯಿತು. ತನ್ನ ಭಾರಕ್ಕೆ ತಾನೇ ಜಾರಿತೋ, ಆ ತುದಿಯಿಂದ ಎಳೆದುಕೊಂಡರೋ, ನಿಂತು ನೋಡುವ ಧೈರ್ಯ ನನಗಾಗಲಿಲ್ಲ.