ಕೊಡಿಗೆಯೋ ಕೋಡಿಗೆಯೋ

ನಮ್ಮ ಯಜಮಾನರ ಹೆಸರು ಸೊಣ್ಣಪ್ಪ. ಇದ್ದಾಗ ಬಾಯಿಬಿಟ್ಟು ಹೇಳಿದವಳಲ್ಲ. ಎಪ್ಪತ್ತಾರನೇ ಇಸವಿ ಕಾರ್ತಿಕದಲ್ಲಿ ಕಾಮಾಲೆಯಾಗಿ ತೀರಿಕೊಂಡರು. ಮೂವತ್ತಾರು ವರ್ಷ. ಅನುಗೊಂಡನಹಳ್ಳಿ ಹತ್ತಿರದ ನಮ್ಮೂರಲ್ಲಿ ಲಾಯರಾದವರು ಅವರೊಬ್ಬರೇ.

ಲಾ ಓದಲು ಕಳಿಸಿದ್ದು ನಮ್ಮ ಮಾವ ಚಿಕ್ಕಬೀರಪ್ಪ. ಮಗ ಕರೀ ಕೋಟು ಹಾಕಲಿ ಅಂತಲ್ಲ. ಕೆರೆ ಕೆಳಗಿನ ಎರಡೆಕರೆ ಗದ್ದೆ ಕೈಬಿಟ್ಟು ಹೋಗದಿರಲಿ ಅಂತ. ಗದ್ದೆ ನಮ್ಮ ವಶದಲ್ಲಿತ್ತು. ಪಿಳ್ಳಣ್ಣ ಅನ್ನುವವನು ವಾರಕ್ಕೆ ಮಾಡುತ್ತಿದ್ದ, ಬೆಳೆಯಲ್ಲಿ ಅರ್ಧ ನಮಗೆ, ಅರ್ಧ ಅವನಿಗೆ. ಇನಾಂ ರದ್ದಾದ ಮೇಲೆ ತಾಲ್ಲೂಕು ಕಚೇರಿಯಲ್ಲಿ ಅದು ಯಾರದ್ದು ಅನ್ನುವ ವಿಚಾರಣೆ ಶುರುವಾಯಿತು.

ಜಗಳವೆಲ್ಲ ಒಂದು ಮಾತಿನದು. ಹಿಂದಿನ ಶಾನುಭೋಗರು ಬರೆಯುವಾಗ ದೀರ್ಘ ಹಾಕುತ್ತಿರಲಿಲ್ಲ. ಅವರ ಪುಸ್ತಕದಲ್ಲಿ ಈ ಗದ್ದೆಗೆ ಬರೆದದ್ದನ್ನು ಕೊಡಿಗೆ ಅಂತ ಓದಿದರೆ ಕೆರೆ ಕಟ್ಟಿದವನಿಗೆ ಇನಾಮಾಗಿ ಕೊಟ್ಟ ಭೂಮಿ, ಅವನ ವಂಶದ್ದು. ಕೋಡಿಗೆ ಅಂತ ಓದಿದರೆ ಕೆರೆ ತುಂಬಿ ಉಕ್ಕಿದ ಕೋಡಿ ನೀರು ಹರಿಯಲು ಬಿಟ್ಟ ಜಾಗ, ಸರ್ಕಾರದ್ದು. ಕಚೇರಿಯವರು ಕೋಡಿಗೆ ಅಂದರು. ಕೆರೆ ಕಟ್ಟಿದ್ದು ನಮ್ಮ ಹಿರಿಯರು ಅಂತ ಮಾವ ಎದೆ ತಟ್ಟಿಕೊಂಡರು. ಕಾಗದ ಇರಲಿಲ್ಲ.

ಯಜಮಾನರು ಕಾಗದ ಹುಡುಕಲು ಹೊರಟರು. ಅವರ ಕಾಲೇಜಿನ ಲೈಬ್ರರಿಯಲ್ಲಿ ಪರೀಕ್ಷೆ ಪುಸ್ತಕ ಬಿಟ್ಟರೆ ಏನೂ ಇರಲಿಲ್ಲ. ಪ್ರಿನ್ಸಿಪಾಲರ ಕೈಲಿ ಚೀಟಿ ಬರೆಸಿಕೊಂಡು ಬೇರೆ ಕಾಲೇಜಿಗೆ ಹೋದರು. ಅಲ್ಲಿ ಕೂತು ಓದಬಹುದು, ಪುಸ್ತಕ ಮನೆಗೆ ಕೊಡರು. ವಕೀಲರ ಲೈಬ್ರರಿಯಲ್ಲಿ ಕುರ್ಚಿ ವಕೀಲರಿಗೆ ಮಾತ್ರ. ನಿಂತುಕೊಂಡೇ ಓದಿದರು. ಕೊನೆಗೆ ಹಳೇ ಸರ್ಕಾರಿ ಕಡತ ಇಡುವ ಪತ್ರಾಗಾರ. ಮಸಿ ಬಿದ್ದೀತು ಅಂತ ಅಲ್ಲಿ ಪೆನ್ನು ಬಿಡುತ್ತಿರಲಿಲ್ಲ, ಪೆನ್ಸಿಲಲ್ಲೇ ಬರೆದುಕೊಳ್ಳಬೇಕು. ದಿನಕ್ಕೆ ಮೂರು ಕಟ್ಟು, ಅಷ್ಟೇ. ಮನೆಗೆ ಬಂದು ಸೀನುತ್ತಾ ಮುದ್ದೆ ಉಣ್ಣುತ್ತಿದ್ದರು.

“ಏನ್ಲಾ, ಬೆಂಗ್ಳೂರಿನ ಧೂಳೆಲ್ಲಾ ನೀನೇ ಹೊಡೀತಿದ್ದೀಯ?” ಅಂತ ಮಾವ ಹಂಗಿಸುತ್ತಿದ್ದರು.

ಪಿಳ್ಳಣ್ಣನೂ ನಗುತ್ತಿದ್ದ. “ಒಂದು ದೀರ್ಘಕ್ಕೆ ಎರಡು ವರ್ಷನಾ ಸೊಣ್ಣಪ್ಪಣ್ಣ? ನಮ್ಮೆತ್ತಿಗೆ ಎರಡು ಕೊಂಬವೆ. ಒಂದು ಕಿತ್ಕೊಂಡೋಗಿ ಆ ಅಕ್ಷರಕ್ಕೆ ಹಾಕ್ಬಿಡಿ.”

ಎಪ್ಪತ್ತೊಂದರ ಆಷಾಢದಲ್ಲಿ ಒಂದು ಸಂಜೆ ಬಂದವರು ಕಾಲು ತೊಳೆಯದೆ ಜಗಲಿ ಮೇಲೆ ಕೂತರು.

“ಸಿಕ್ತು ಕಣೆ.”

“ಕೊಡಿಗೆನೇ?”

“ಕೊಡಿಗೆನೇ. ಕೆರೆ ಕಟ್ಟಿದ್ದಕ್ಕೆ ಕೊಟ್ಟಿದ್ದು ಅಂತ ಬಿಡಿಸಿ ಬರೆದವ್ರೆ.”

“ಮತ್ಯಾಕಿಂಗೆ ಕೂತಿದ್ದೀರಿ?”

“ಕೊಟ್ಟಿರೋದು ಪಿಳ್ಳ ಅನ್ನೋನಿಗೆ.”

ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರಿಡುತ್ತಾರೆ. ಪಿಳ್ಳಣ್ಣನ ತಾತನೂ ಪಿಳ್ಳಣ್ಣನೇ. ಕಾಗದದಲ್ಲಿದ್ದ ಪಿಳ್ಳನ ಅಪ್ಪನ ಹೆಸರೂ ತಾಳೆಯಾಯಿತು. ನಮ್ಮ ಹಿರಿಯರ ಹೆಸರು ಕೆಳಗಿತ್ತು, ಸಾಕ್ಷಿ ಅಂತ. ಗದ್ದೆ ನಮ್ಮ ಕೈಗೆ ಹೇಗೆ ಬಂತೋ ಯಾರಿಗೂ ಗೊತ್ತಿಲ್ಲ.

“ಹರ್ದಾಕಿ ಅತ್ಲಾಗೆ” ಅಂದೆ.

“ಇದು ನಾನು ಬರ್ಕೊಂಡಿದ್ದು. ಅಸಲು ಅಲ್ಲೇ ಐತೆ.”

“ಅಲ್ಲೇ ಇರ್ಲಿ. ನೀವು ನೋಡಿದ್ದು ಯಾರ್ಗೆ ಗೊತ್ತು?”

“ನೋಡಿದ್ದೀನಿ ಅಂತ ಅಲ್ಲಿನ ಪುಸ್ತಕದಲ್ಲಿ ರುಜು ಹಾಕ್ಬಂದಿದ್ದೀನಿ ಕಣೆ” ಅಂದರು. ಅವರಿಗೆ ಆ ರುಜು ದೊಡ್ಡದು. ನನಗೆ ಗದ್ದೆ ದೊಡ್ಡದು.

ಮೂರು ದಿನ ಅವರು ಸರಿಯಾಗಿ ಉಣ್ಣಲಿಲ್ಲ. ಸುಮ್ಮನಿದ್ದರೆ ಗದ್ದೆ ಸರ್ಕಾರಕ್ಕೆ ಹೋಗುತ್ತಿತ್ತು, ತೋರಿಸಿದರೆ ಪಿಳ್ಳಣ್ಣನಿಗೆ. ನಕಲಿಗೆ ಅರ್ಜಿ ಹಾಕಿ, ಮೊಹರು ಹಾಕಿಸಿ ತಂದು ವಿಚಾರಣೆಯಲ್ಲಿ ಇಟ್ಟುಬಿಟ್ಟರು. ಕಚೇರಿ ಮುಂದೆ ಜನ ನೋಡುತ್ತಿದ್ದಂತೆ ಮಾವ, “ಇನ್ನೊಬ್ಬನ ಮನೆ ದೀಪ ಹಚ್ಚಕ್ಕೇನ್ಲಾ ನಿನ್ನ ಓದ್ಸಿದ್ದು?” ಅಂದರು. ಗದ್ದೆ ಪಿಳ್ಳಣ್ಣನ ಹೆಸರಿಗಾಯಿತು. ಅವನು ಬಾಗಿಲಿಗೆ ಬಂದು, “ವಾರ ಮೊದ್ಲಿನಂಗೇ ತಗೊಳ್ಳಿ” ಅಂದ. ಮಾವ ಮುಖ ತಿರುಗಿಸಿದರು. ನಮ್ಮನ್ನು ಮನೆಯಿಂದ ಹೊರಗೆ ಹಾಕಿದರು.

ಹೊಸಕೋಟೆಯಲ್ಲಿ ಒಂದೇ ಕೋಣೆಯ ಮನೆ ಹಿಡಿದೆವು. ವಕೀಲಿಕೆ ಏಳಲಿಲ್ಲ. ಸ್ವಂತ ಅಪ್ಪನ ವಿರುದ್ಧ ಕಾಗದ ತಂದವನು ನಮಗೇನು ಮಾಡ್ತಾನೆ ಅಂತ ಊರ ಕಡೆಯವರು ಬೇರೆಯವರ ಹತ್ತಿರ ಹೋಗುತ್ತಿದ್ದರು. ಅಪ್ಪನ ಬಾಯಿಂದ ಒಂದು ಮಾತು ಬರಲಿ ಅಂತ ಇವರು ಹಬ್ಬಕ್ಕೊಮ್ಮೆ ಹೋಗುತ್ತಿದ್ದರು, ನೀರೂ ಕುಡಿಯದೆ ವಾಪಸು ಬರುತ್ತಿದ್ದರು. ತೀರಿಕೊಂಡ ದಿನ ಮಾವ ಬಂದರು. ಮಣ್ಣು ಹಾಕಿದರು. ನನ್ನ ಕಡೆ ನೋಡದೆ ಬಸ್ ಹತ್ತಿದರು.

ಮಾವನನ್ನು ಯಾಕೆ ಅನ್ನಲಿ. ಐದು ವರ್ಷ ಅನ್ನ ಬಡಿಸುವಾಗೆಲ್ಲ ನಾನೂ ಅಂದೆ, “ಉಣ್ಣಿ, ಅಂಗಡಿ ಅಕ್ಕಿ. ಗದ್ದೆ ಅಕ್ಕಿ ಪಿಳ್ಳಣ್ಣನ ಮನೇಲೈತೆ.” ತಲೆ ಬಗ್ಗಿಸಿ ಉಣ್ಣುತ್ತಿದ್ದರು. ಒಂದು ದಿನವೂ ತಟ್ಟೆ ತಳ್ಳಲಿಲ್ಲ. ಅವರು ಮಾಡಿದ್ದು ಸರಿ ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಆ ಮಾತನ್ನು ಮಾತ್ರ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.