ಆರಾಮ ಅದೀನ್ರಿ

ಮೊನ್ನೆ ಸೊಸೆ ಜೋಳ ಬೀಸಿಸಿಕೊಂಡು ಬಂದು ಹಿಟ್ಟಿನ ಡಬ್ಬಿಯನ್ನು ನನ್ನ ಪಕ್ಕದಲ್ಲೇ ಇಟ್ಟಳು. ಹಿಟ್ಟು ಇನ್ನೂ ಬಿಸಿಯಾಗಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗಿರಣಿ ಚಿಗವ್ವ ನೆನಪಾದಳು. ನೆನಪಾಗಬಾರದೆಂದೇ ನಾಲ್ಕು ವರ್ಷದಿಂದ ಅಂಗಡಿಯ ಪ್ಯಾಕೆಟ್ ಹಿಟ್ಟು ತರಿಸುತ್ತಿದ್ದೆ. ಸೊಸೆಗೆ ಅದೆಲ್ಲಿ ಗೊತ್ತು, ಆ ಹಿಟ್ಟಿನಲ್ಲಿ ರೊಟ್ಟಿ ಹರಿಯುತ್ತವೆ ಅಂತ ಅವಳೇ ಡಬ್ಬಿ ಹೊತ್ತುಕೊಂಡು ಬೇರೆ ಓಣಿಯ ಗಿರಣಿಗೆ ಹೋಗಿದ್ದಳು.

ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ನಮ್ಮ ಮನೆಗೂ ಚಿಗವ್ವನ ಹಿಟ್ಟಿನ ಗಿರಣಿಗೂ ನಡುವೆ ಒಂದೇ ಗೋಡೆ. ಬಳಗದ ಸಂಬಂಧ ಏನೂ ಇರಲಿಲ್ಲ. ಓಣಿಯವರೆಲ್ಲ ಚಿಗವ್ವ ಎನ್ನುತ್ತಿದ್ದರು, ನಾನೂ ಎನ್ನುತ್ತಿದ್ದೆ. ಗಂಡ ಸತ್ತ ಮೇಲೆ ಗಿರಣಿಯನ್ನು ಒಬ್ಬಳೇ ನಡೆಸಿದವಳು. ಗಿರಣಿಯ ಬಾಯಿಗೆ ಕಾಳು ಸುರಿಯಬೇಕೆಂದರೆ ಎರಡು ಮೆಟ್ಟಿಲಿನ ಕಟ್ಟೆ ಹತ್ತಬೇಕಿತ್ತು. ತುಂಬಿದ ಡಬ್ಬಿ ಎತ್ತಿಕೊಂಡು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಿದ್ದಳೋ... ಮೈಯೆಲ್ಲ ಹಿಟ್ಟು, ಹುಬ್ಬಿನ ಮೇಲೂ ಹಿಟ್ಟು, ಬಾಯಿ ಮಾತ್ರ ಬರೀ ಖಾರ.

ಯಾರಾದರೂ ಅವಳೆದುರು ತಲೆನೋವು, ಸೊಂಟನೋವು ಅಂದರೆ ಕಥೆ ಮುಗಿದಂತೆ.

"ಆರಾಮ ಅದೀಯೇನಂತ ಕೇಳಿದ್ರ ಆರಾಮ ಅನ್ಬೇಕು. ಕೇಳಿದೋರು ನಿನ್ನ ಬ್ಯಾನಿ ಹೊತ್ಕೊಂಡು ಹೋಗ್ತಾರೇನ?" ಎನ್ನುತ್ತಿದ್ದಳು.

ನನ್ನ ಎರಡನೆಯ ಹೆರಿಗೆ ಹೊಟ್ಟೆ ಕೊಯ್ದು ಆಯಿತು. ಅದಾಗಿ ತಿಂಗಳು ತುಂಬುವ ಮೊದಲೇ ಜೋಳದ ಡಬ್ಬಿ ಹಿಡಿದು ಗಿರಣಿಗೆ ಹೋಗಬೇಕಾಯಿತು. ಡಬ್ಬಿ ಇಳಿಸುವಾಗ ಹೊಲಿಗೆ ಜಗ್ಗಿ "ಯವ್ವಾ" ಎಂದುಬಿಟ್ಟೆ. ಪಾಳಿಯಲ್ಲಿ ನಿಂತ ಹೆಂಗಸರ ಮುಂದೆ ಚಿಗವ್ವ ತನ್ನ ಹೊಟ್ಟೆ ಹಿಡಿದುಕೊಂಡು, ನನ್ನ ಹಾಗೆಯೇ ಬಾಗಿ ನಡೆದು, "ಯವ್ವಾ, ಯವ್ವಾ" ಎಂದು ಅಣಕಿಸಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ ಅದನ್ನು ಮರೆತೆ ಅಂತಲೇ ತಿಳಿದುಕೊಂಡಿದ್ದೆ.

ವಯಸ್ಸು ಅರವತ್ತು ದಾಟಿದ ಮೇಲೆ ಸಂಧಿವಾತ ಅವಳ ಮೊಣಕಾಲುಗಳನ್ನು ತಿಂದಿತು. ಬಲಗಾಲಂತೂ ಸೊಟ್ಟಗಾಗಿ ಹೋಯಿತು. ಆದರೂ ಕಟ್ಟೆ ಹತ್ತುವುದು ಬಿಡಲಿಲ್ಲ. ಮಗ ಕೊಪ್ಪಳದಲ್ಲಿ ಸರ್ಕಾರಿ ನೌಕರಿಯಲ್ಲಿದ್ದ. ಗಿರಣಿ ಕಿತ್ತು ಆ ಜಾಗವನ್ನು ಮೊಬೈಲ್ ಅಂಗಡಿಗೆ ಕೊಡಬೇಕೆಂದು ಅವನಿಗೆ ಬಹಳ ದಿನದ ಆಸೆ. ಡಾಕ್ಟರು ಬಲ ಮೊಣಕಾಲಿನ ಕೀಲು ಬದಲಿಸಬೇಕು ಎಂದಾಗ ಅವನು ನಮ್ಮೆಲ್ಲರ ಎದುರಿಗೇ ಹೇಳಿದ.

"ನೋಡವ್ವ, ಆಪರೇಷನ್ ಆದಮ್ಯಾಲ ನೀ ಕಟ್ಟಿ ಹತ್ತಿದಿ ಅಂದ್ರ ಗಿರಣಿ ನಿಂದು. ಹತ್ತಾಕ ಆಗ್ಲಿಲ್ಲ ಅಂದ್ರ ಸುಮ್ನ ಮನ್ಯಾಗ ಕುಂದ್ರು."

"ಹತ್ತತೀನಿ, ನಡಿ," ಅಂದಳು ಚಿಗವ್ವ.

ಅವಳ ಸೊಸೆಗೆ ಹಸುಗೂಸು. ಆಸ್ಪತ್ರೆಯಲ್ಲಿ ಜೊತೆಗಿರಲು ನಾನೇ ಹೋದೆ. ಓಣಿಯವರೆಲ್ಲ ನನ್ನನ್ನು ಹೊಗಳಿದ್ದೇ ಹೊಗಳಿದ್ದು.

ಆಪರೇಷನ್ನಿನ ಮರುದಿನದಿಂದಲೇ ಕಾಲು ಮಡಚುವುದು, ಚಾಚುವುದು ಶುರು. ನರ್ಸ್ ಒಳ್ಳೆಯ ಹುಡುಗಿ, ಯಲಬುರ್ಗಿ ಕಡೆಯವಳು. ಬಿಡಿಸಿ ಹೇಳಿದ್ದಳು: "ವ್ಯಾಯಾಮಕ್ಕ ಅರ್ಧ ತಾಸು ಮೊದ್ಲ ಈ ಗುಳಿಗಿ ನುಂಗ್ರಿ ಅಮ್ಮಾ. ಬ್ಯಾನಿ ಕಡಿಮಿ ಆದ್ರನ ಕಾಲು ಮಡಚಾಕ ಬರತೈತಿ. ತಡಕೊಂತ ಕುಂತ್ರ ಕೀಲು ಬಿಗೀತೈತಿ. ನೂಸಿದ್ರ ನೂಸತೈತಿ ಅಂತ ಹೇಳ್ರಿ, ನಾಚಬ್ಯಾಡ್ರಿ. ಮೊಣಕಾಲ ಕೆಳಗ ತಲಿದಿಂಬು ಮಾತ್ರ ಇಡಬ್ಯಾಡ್ರಿ."

ಚಿಗವ್ವ ತಲೆಯಾಡಿಸಿದಳು. ನರ್ಸ್ ಆಚೆ ಹೋದ ಕೂಡಲೇ ಗುಳಿಗೆಯನ್ನು ಸೆರಗಿಗೆ ಉಗುಳಿದಳು. ಗುಳಿಗೆ ನುಂಗಿದರೆ ನೋಯುತ್ತದೆ ಅಂತ ಒಪ್ಪಿದಂತೆ, ಬ್ಯಾನಿ ಅಂತ ಬಾಯಿಬಿಟ್ಟರೆ ಅದು ಮಗನ ಕಿವಿಗೆ ಹೋಗುತ್ತದೆ, ಅಲ್ಲಿಗೆ ಗಿರಣಿ ಹೋಯಿತು ಎನ್ನುವುದು ಅವಳ ಲೆಕ್ಕಾಚಾರ.

ಡಾಕ್ಟರು ಮೈಸೂರು ಸೀಮೆಯವರು. ನಮ್ಮ ಮಾತು ಹೊಸದಾಗಿ ಕಲಿತಿದ್ದರು. ದಿನಾ ಬೆಳಿಗ್ಗೆ ಬಂದು, "ಏನಮ್ಮಾ, ಆರಾಮ ಅದೀರಾ?" ಎಂದು ಕೇಳುತ್ತಿದ್ದರು. "ಆರಾಮ ಅದೀನ್ರಿ ಸಾಹೇಬ್ರ," ಎನ್ನುತ್ತಿದ್ದಳು ಇವಳು. ನಮ್ಮ ಕಡೆ ಅದು ಉತ್ತರವೇ ಅಲ್ಲ. ಯಾರಾದರೂ ಕೈ ಮುಗಿದರೆ ನಾವೂ ಕೈ ಮುಗಿಯುತ್ತೇವಲ್ಲ, ಅಷ್ಟೇ. ಡಾಕ್ಟರು ಅದನ್ನು ಉತ್ತರ ಎಂದುಕೊಂಡು ನೋವಿಲ್ಲ ಅಂತ ಬರೆದುಕೊಂಡು ಹೋದರು. ವ್ಯಾಯಾಮ ಮಾಡಿಸುವವನು ಬಂದರೆ, "ಮುಂಜಾನೆದ್ದು ಮಾಡೀನ್ರಿ," ಎಂದು ಹಸಿ ಸುಳ್ಳು. ಅವನು ಒಮ್ಮೆ ಹಿಡಿದು ಮಡಚಿದಾಗ ಗೋಡೆ ಕಡೆ ಮುಖ ತಿರುಗಿಸಿ ಮಲಗಿದಳು. ಅವನು ಹೋದ ಮೇಲೆ ನೋಡಿದೆ, ಕೆಳತುಟಿಯಲ್ಲಿ ರಕ್ತ.

"ಚಿಗವ್ವಾ, ಡಾಕ್ಟರಿಗೆ ಹೇಳ್ಲೇನು?" ಎಂದೆ.

ನನ್ನ ಮಣಿಕಟ್ಟು ಹಿಡಿದಳು. "ಹೇಳಿದಿ ಅಂದ್ರ ಮತ್ತ ನನ್ನ ಹೊಸ್ತಲಾ ತುಳೀಬ್ಯಾಡ."

ಸುಮ್ಮನಾದೆ. ಹೆದರಿ ಸುಮ್ಮನಾದೆ ಎಂದು ಬರೆದರೆ ನೀವು ನಂಬುತ್ತೀರಿ. ಆದರೆ ಅವತ್ತು ಮಧ್ಯಾಹ್ನ ಮಗ್ಗುಲು ಬದಲಿಸುವಾಗ ಅವಳ ಬಾಯಿಂದ ಸಣ್ಣಗೆ "ಯವ್ವಾ" ಎಂದು ಬಂತು. ಅದನ್ನು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಅನ್ನು, ಈಗ ಆರಾಮ ಅನ್ನು, ಎಂದುಕೊಂಡೆ ಒಳಗೊಳಗೇ. ಮೋಸಂಬಿ ಸುಲಿದು ಅವಳಿಗೂ ಕೊಟ್ಟೆ, ನಾನೂ ತಿಂದೆ. ಕೇಳಿದಾಗಲೆಲ್ಲ ಮೊಣಕಾಲ ಕೆಳಗೆ ತಲೆದಿಂಬು ಇಟ್ಟುಕೊಟ್ಟೆ. ನೋಡಿದವರು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾಳೆ ಎಂದರು.

ಆರು ವಾರದ ಮೇಲೆ ತೋರಿಸಲು ಹೋದಾಗ ಆ ಕಾಲು ಸ್ವಲ್ಪವೂ ಮಡಚುತ್ತಿರಲಿಲ್ಲ. ಡಾಕ್ಟರು ಸಿಟ್ಟಿಗೆದ್ದರು.

"ನೋವಿಲ್ಲ ಅಂತ ದಿನಾ ಹೇಳ್ತಿದ್ರಲ್ಲಮ್ಮಾ! ಆ ಮಾತ್ರೆ ಕೊಟ್ಟಿದ್ದೇ ಕಾಲು ಮಡಚಲಿ ಅಂತ." ನನ್ನ ಕಡೆ ತಿರುಗಿದರು. "ಜೊತೆಗಿದ್ದವರು ನೀವೇ ಅಲ್ವಾ? ನಿಮಗೂ ಗೊತ್ತಾಗ್ಲಿಲ್ವಾ?"

"ಇಲ್ರಿ ಸರ್. ಆರಾಮ ಅದೀನಿ ಅಂತನ ಅಂತಿದ್ಲು," ಎಂದೆ.

ಚಿಗವ್ವ ನನ್ನ ಮುಖ ನೋಡಿದಳು. ಅರಿವಳಿಕೆ ಕೊಟ್ಟು ಕೀಲು ಸಡಿಲಿಸಿ ನೋಡಬಹುದು, ಈಗಲೇ ಆಗಬೇಕು ಎಂದರು ಡಾಕ್ಟರು. "ಸಾಕು ಬಿಡ್ರಿ ಸರ್, ಮನ್ಯಾಗ ಕುಂದರ್ತಾಳ," ಎಂದ ಮಗ.

ಆದರೂ ಒಮ್ಮೆ ಹತ್ತಿ ನೋಡಿದಳು. ಮಗ ನಿಂತಿದ್ದ, ನಾನು ನಿಂತಿದ್ದೆ, ಕಾಳು ತಂದ ಇಬ್ಬರು ಹೆಂಗಸರಿದ್ದರು. ಒನಕೆಯಂತೆ ನೆಟ್ಟಗಾಗಿದ್ದ ಕಾಲನ್ನು ಎಳೆದುಕೊಂಡು ಒಂದು ಮೆಟ್ಟಿಲು ಏರಿದಳು. ಎರಡನೆಯದಕ್ಕೆ ಡಬ್ಬಿ ಸಮೇತ ಬಿದ್ದಳು. ಜೋಳವೆಲ್ಲ ನೆಲದ ಪಾಲು. ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಮುಂದಿನ ವಾರ ಗಿರಣಿ ಕಿತ್ತರು.

ಒಂದು ದಿನ ರೊಟ್ಟಿ, ಪುಂಡಿಪಲ್ಯೆ ಕೊಡಲು ಹೋದೆ. ಹಿಂದಿನ ಕೋಣೆಯಲ್ಲಿ ಕಾಲು ಚಾಚಿ ಕುಳಿತಿದ್ದಳು. ರೂಢಿಯಂತೆ, "ಆರಾಮ ಅದೀ ಏನ ಚಿಗವ್ವಾ?" ಎಂದು ಕೇಳಿಬಿಟ್ಟೆ.

"ಇಲ್ಲ," ಅಂದಳು. "ಭಾಳ ನೂಸತೈತಿ." ಮೊಣಕಾಲು ಒತ್ತಿಕೊಳ್ಳುತ್ತ, "ಆಸ್ಪತ್ರ್ಯಾಗ ಹೇಳಬ್ಯಾಡ ಅಂದಾಕಿ ನಾನ ಖರೆ. ಆದ್ರ ನೀ ಹೇಳ್ತಿ ಅಂತ ದಿನಾ ದಾರಿ ನೋಡಿದ್ನಿ."

ನಾನು ತಟ್ಟೆ ಇಟ್ಟು ಎದ್ದು ಬಂದೆ.

ಅದೇ ವರ್ಷ ತೀರಿಕೊಂಡಳು. ಎದೆಯ ತೊಂದರೆ, ಕಾಲಿಗೂ ಅದಕ್ಕೂ ಸಂಬಂಧವಿಲ್ಲ ಎಂದರು. ನಮ್ಮಲ್ಲಿ ಸತ್ತವರನ್ನು ಚಕ್ಕಳಮಕ್ಕಳ ಹಾಕಿ ಕೂರಿಸಿಯೇ ಮಣ್ಣು ಮಾಡುವುದು. ಎಡಗಾಲು ಮಡಚಿತು. ಬಲಗಾಲು ಮಡಚಲಿಲ್ಲ. ಇಬ್ಬರು ಗಂಡಸರು ಹಿಡಿದರು, ಆಗಲಿಲ್ಲ. ಆಗ ಓಣಿಯ ಹಿರಿಯರೊಬ್ಬರು, "ಜೋರ್ಲೆ ಒತ್ರೋ, ಈಗೇನ ಆಕಿಗೆ ನೂಸಂಗಿಲ್ಲ," ಎಂದರು.

"ನೂಸತೈತ್ರಿ, ಬಿಡ್ರಿ!" ಎಂದು ನಾನು ಚೀರಿದೆ. ಎಲ್ಲರೂ ತಿರುಗಿ ನೋಡಿದರು. ದುಃಖಕ್ಕೆ ತಲೆ ಕೆಟ್ಟಿದೆ ಪಾಪ, ಎಂದು ಯಾರೋ ನನ್ನನ್ನು ಹಿಡಿದು ಹೊರಗೆ ಕರೆದುಕೊಂಡು ಹೋದರು. ಒಳಗಿನಿಂದ ಲಟಕ್ ಎಂಬ ಸದ್ದು ಕೇಳಿಸಿತು.

ಇವತ್ತಿಗೂ ಓಣಿಯವರು ಹೊಸಬರಿಗೆ ನನ್ನನ್ನು ತೋರಿಸಿ, ಹೆತ್ತ ಮಗಳಿಗಿಂತ ಹೆಚ್ಚಾಗಿ ಚಿಗವ್ವನನ್ನು ನೋಡಿಕೊಂಡವಳು ಎನ್ನುತ್ತಾರೆ. ಅಲ್ಲ ಎಂದು ನಾನು ಇನ್ನೂ ಯಾರಿಗೂ ಹೇಳಿಲ್ಲ.