ಗಂಗಕ್ಕ ಕಾಶಿಯಲ್ಲಿ ಬಿಟ್ಟದ್ದು

ಇವತ್ತು ಬೆಳಿಗ್ಗೆ ಈ ಪರದೇಶದ ಜೆರಾರ್ಡ್ ಬಜಾರಿನಲ್ಲಿ, ನಮ್ಮ ಕಡೆಯವರ ಅಂಗಡಿಯೊಂದರಲ್ಲಿ ಯಾರೋ ಶುಂಠಿ ಜಜ್ಜಿ ಚಹಾಕ್ಕೆ ಹಾಕಿದರು ನೋಡಿ, ಬೇಳೆ ಕೊಳ್ಳುವುದನ್ನೂ ಮರೆತು ನಿಂತುಬಿಟ್ಟೆ. ಆ ವಾಸನೆ ನನಗೆ ಗಂಗಕ್ಕನದು.

ರಿಚ್ಮಂಡ್ ಹಿಲ್‌ನಲ್ಲಿ ಅವರ ಮನೆಯ ಬೇಸ್‌ಮೆಂಟಿನಲ್ಲಿ ನಾವು ಆರು ವರ್ಷ ಬಾಡಿಗೆಗಿದ್ದೆವು. ಗಂಗಕ್ಕ ಧಾರವಾಡದವರು, ಚಹಾ ಅಂದರೆ ಪ್ರಾಣ. ಕಾಶಿಗೆ ಹೋದವರು ಪ್ರೀತಿಯದೊಂದನ್ನು ಅಲ್ಲಿ ಬಿಟ್ಟುಬರಬೇಕು ಅನ್ನುತ್ತಾರಲ್ಲ, ಗಂಗಕ್ಕ ಚಹಾವನ್ನೇ ಬಿಟ್ಟು ಬಂದಿದ್ದರು. ಅವರ ಯಜಮಾನರು ಜಾಣರು, ಹಾಗಲಕಾಯಿ ಬಿಟ್ಟರು. ನಾನಾಗಿದ್ದರೆ ಓಟ್ಸ್ ಬಿಡುತ್ತಿದ್ದೆ. ಗಂಗಕ್ಕ ಮಾತ್ರ ದಿನಾ ಸಂಜೆ ನಮಗೆ ಚಹಾ ಮಾಡಿಕೊಟ್ಟು, "ಸಕ್ಕರಿ ಸರಿ ಆಗೇತೇನ?" ಎಂದು ನಮ್ಮ ಮುಖ ನೋಡುತ್ತ ಕೂರುತ್ತಿದ್ದರು.

ಮುಂದೆ ಗಂಗಕ್ಕನಿಗೆ ಕ್ಯಾನ್ಸರ್ ಆಗಿ ಅದು ಕೊನೆಯ ಹಂತಕ್ಕೆ ಬಂದಾಗ ಮೂರು ವಾರ ನಾನು ಆಸ್ಪತ್ರೆಯ ಕಡೆ ಸುಳಿಯಲಿಲ್ಲ. ಶಿಫ್ಟು, ಸ್ನೋ, ಟ್ರಾಫಿಕ್ಕು, ಕುಣಿಯಲಾರದವಳಿಗೆ ನೆಲ ಡೊಂಕು. ನಿಜ ಹೇಳಲೇ? ಸಾವಿನ ಭಯ. ಚಿಕ್ಕಂದಿನಲ್ಲಿ ಓಣಿಯಲ್ಲಿ ಹೆಣ ಹೊರಟರೆ ಅಡುಗೆಮನೆ ಸೇರಿ ಕದ ಹಾಕಿಕೊಳ್ಳುತ್ತಿದ್ದವಳು ನಾನು. ಕೊನೆಗೂ ಥರ್ಮಾಸಿನಲ್ಲಿ ಚಹಾ ತುಂಬಿಕೊಂಡು ಹೋದೆ. ಬರಿಗೈಲಿ ಹೋಗುವ ಧೈರ್ಯವಿರಲಿಲ್ಲ.

"ಒಂದ್ ಗುಟುಕು ಕುಡೀರಿ ಅಕ್ಕಾ. ಇನ್ನೇನ್ ವ್ರತ?" ಎಂದೆ.

"ಇನ್ನೇನ್ ಅಂದ್ರ? ಸಾಯಾಕತ್ತೀನಿ ಅಂತನಾ? ಬಾಯಿಬಿಟ್ಟು ಹೇಳವಾ," ಎಂದು ನಕ್ಕರು.

ನನಗೆ ಅಳು ಬಂತು.

"ಬಿಟ್ಟ ಮೊದಲನೇ ವರ್ಷ ಚಹಾದ ಸಲುವಾಗಿ ನಾನೂ ಹಿಂಗ ಅತ್ತೀನಿ, ಹುಚ್ಚಿ. ಬಾತ್‌ರೂಮಿನ್ಯಾಗ ನಳ ಬಿಟ್ಟು. ಆಮ್ಯಾಲ ನೀವು ಕುಡಿಯೂದು ನೋಡೂದ್ರಾಗ ರುಚಿ ಹತ್ತಿತು. ಬಿಡೂದು ರೂಢಿ ಆತು. ಜೀವಾನೂ ಹಂಗ ಬಿಡ್ತೀನಿ."

"ಹೆದರಿಕಿ ಆಗೂದಿಲ್ಲೇನ್ರಿ?"

"ಆಗತೈತಿ. ಅದಕ್ಕ ನೀ ಯಾವಾಗ ಬರ್ತಿ ಅಂತ ಬಾಗಿಲಾ ನೋಡಾಕತ್ತಿದ್ದೆ. ಚಹಾ ಬಿಟ್ಟೆ; ನಿಮ್ಮನ್ನ ಬಿಡೂದು ಇನ್ನಾ ಬಂದಿಲ್ಲ ನೋಡು. ಕುಡಿ, ಆರತೈತಿ."

ಕುಡಿದೆ. ನಾಚಿಕೆಯಾಯಿತು. ಮೂರು ವಾರ ನನ್ನ ಭಯವನ್ನು ಮುದ್ದು ಮಾಡುತ್ತ, ಅವರನ್ನು ಅವರ ಭಯದ ಜೊತೆ ಒಂಟಿಯಾಗಿ ಬಿಟ್ಟಿದ್ದೆನಲ್ಲ! ಆಮೇಲೆ ದಿನಾ ಹೋದೆ. ಕೊನೆಯ ದಿನ ಮಧ್ಯಾಹ್ನ ಅವರ ಕೈ ನನ್ನ ಕೈಯಲ್ಲೇ ತಣ್ಣಗಾಯಿತು. ನಾನು ಓಡಿಹೋಗಲಿಲ್ಲ.

ಮುಂದಿನ ವಾರ ನನಗೇ ಒಂದು ಬಯಾಪ್ಸಿ ಇದೆ. ಮಗಳು ಗಾಬರಿಯಾದಾಳು ಎಂದು ಹೇಳದೆ ಮುಚ್ಚಿಟ್ಟಿದ್ದೆ. ಇವತ್ತು ಅಂಗಡಿಯಿಂದ ಹೊರಗೆ ಬಂದವಳೇ ಫುಟ್‌ಪಾತಿನ ಮೇಲೆ ನಿಂತು ಫೋನ್ ಮಾಡಿ ಹೇಳಿಬಿಟ್ಟೆ.

"ಅಮ್ಮಾ, ಆರ್ ಯು ಸ್ಕೇರ್ಡ್?"

"ಹೌದವ್ವಾ," ಎಂದೆ. "ನೀ ಬಾ."